ಚಾಡಿಕೋರನ ಹೆಗಲು

ಮಾಸ್ಸಿ ಟೂಹಿ ಪೆಟ್ಟಿಗೆ ಹೊರುವವರನ್ನು ಗೋಡೆಗೆ ಒರಗಿಸಿ ನಿಲ್ಲಿಸಿ, ಒಬ್ಬೊಬ್ಬರ ಹೆಗಲ ಮೇಲೂ ಅಂಗೈ ಮಟ್ಟಸವಾಗಿಟ್ಟು ಎತ್ತರ ನೋಡುತ್ತಿದ್ದ. ಊರಿನ ಹೆಣಗಳನ್ನೆಲ್ಲ ಮಣ್ಣಿಗೆ ಮುಟ್ಟಿಸುವುದು ಅವನ ಕಸುಬು. ಉದ್ದದವನ ಪಕ್ಕಕ್ಕೆ ಉದ್ದದವನು, ಗಿಡ್ಡನ ಪಕ್ಕಕ್ಕೆ ಗಿಡ್ಡ. ಇಲ್ಲದಿದ್ದರೆ ಪೆಟ್ಟಿಗೆ ಓರೆಯಾಗಿ ಸತ್ತವನು ಒಳಗೇ ಒಂದು ಬದಿಗೆ ಜಾರುತ್ತಾನೆ.

"ಐದು ಜನ ಆದ್ರು. ಮುಂದೆ ಬಲಗಡೆಗೆ ಇನ್ನೊಬ್ಬ ಬೇಕಲ್ಲ ನೆಡ್. ಉದ್ದದವನು."

"ಹುಡುಕು, ಸಿಗ್ತಾನೆ," ಅಂದ ನೆಡ್ ಕ್ವಿರ್ಕ್. ಸತ್ತುಹೋದ ಡಿನ್ನಿಯ ತಮ್ಮ ಅವನು.

"ಹುಡುಕೋದೇನು ಬಂತು. ಅಳತೆ ಕೊಟ್ಟು ಹೊಲಿಸಿದ ಹಾಗೆ ಒಬ್ಬ ಅಂಗಳದಲ್ಲೇ ನಿಂತಿದಾನೆ. ಅದೂ ಡಿನ್ನಿ ಜೊತೆ ಆಡಿದವನೇ."

ಪಡಸಾಲೆಯಲ್ಲಿ ಚಹ ಕುಡಿಯುತ್ತಿದ್ದವರು ಬಟ್ಟಲು ಕೆಳಗಿಟ್ಟರು. ಎಲ್ಲರೂ ಕಿಟಕಿಯತ್ತ ನೋಡಿದರು. ಅಂಗಳದ ಕೊನೆಯಲ್ಲಿ, ಯಾರ ಪಕ್ಕದಲ್ಲೂ ಅಲ್ಲದೆ, ಕಾನ್ ಟ್ರೇಸಿ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. ಎಂಬತ್ತು ದಾಟಿದರೂ ಬೆನ್ನು ಬಾಗಿರಲಿಲ್ಲ.

"ಆ ಚಾಡಿಕೋರನ ಹೆಗಲಿಗೆ ನಮ್ಮಣ್ಣನ್ನ ಕೊಡೋದಾ?" ನೆಡ್ ದನಿ ಏರಿಸಲಿಲ್ಲ. "ಅದಕ್ಕಿಂತ ಕೈಗಾಡೀಲಿ ತಳ್ಕೊಂಡು ಹೋಗ್ತೀನಿ."

ಊರಿನ ತಂಡದ ಹುರಿಯಾಳು ಸತ್ತರೆ ಅವನ ಜೊತೆ ಆಡಿದವರೇ ಅವನನ್ನು ಮನೆಯ ಬಾಗಿಲಿನಿಂದ ಗೇಟಿನವರೆಗೆ ಹೊರಬೇಕು. ಅಲ್ಲಿಂದಾಚೆಗೆ ಚರ್ಚಿನವರೆಗೂ ಯಾರ ಹೆಗಲಾದರೂ ಸರಿ. ಇದು ನಮ್ಮ ಬಾಲಿಕರ್ನದ ಪದ್ಧತಿ. ಡಿನ್ನಿ ಆಡಿದ ತಂಡದಲ್ಲಿ ಸ್ವಂತ ಕಾಲ ಮೇಲೆ ನಿಲ್ಲಬಲ್ಲವರು ಇನ್ನು ಕೆಲವೇ ಮಂದಿ, ಮಿಕ್ಕ ಜಾಗಕ್ಕೆ ಅವರ ಮಕ್ಕಳು ಬಂದಿದ್ದರು. ಕಾನ್‌ನ ಜಾಗಕ್ಕೆ ಬರಲು ಅವನಿಗೆ ಮಕ್ಕಳಿರಲಿಲ್ಲ. ಅವನೇ ಬಂದಿದ್ದ. ಯಾಕೆ ಬಂದ ಎನ್ನುವುದೇ ಬೆಳಗಿನಿಂದ ಎಲ್ಲರ ತಲೆಯಲ್ಲಿದ್ದ ಮಾತು. ನಮ್ಮೂರಿನವರಿಗೆ ಬೇಸಗೆಯಲ್ಲಿ ಬಿಸಿಲು ಬಂದರೂ ಇದರಲ್ಲೇನೋ ಇದೆ ಎಂಬ ಅನುಮಾನ. ಇನ್ನು ಇವನು ಬಂದರೆ ಬಿಟ್ಟಾರೆಯೇ.

"ನೋಡ್ಕೊಂಡು ಹೋಗೋಕೆ ಬಂದಿರ್ತಾನೆ, ನಿಜವಾಗ್ಲೂ ಸತ್ತಿದಾನೋ ಇಲ್ವೋ ಅಂತ," ಅಂದಳು ಒಲೆಯ ಪಕ್ಕದ ಮುದುಕಿ.

ಪೆಟ್ಟಿಗೆಯ ತಲೆಯ ಕಡೆ ಕುಳಿತಿದ್ದ ನೋನಿ, ಡಿನ್ನಿಯ ಹೆಂಡತಿ, ಎದ್ದು ಹಿತ್ತಿಲ ಕಡೆಗೆ ನಡೆದಳು.

*

ಕೋಲಿನಿಂದ ಚೆಂಡು ಹೊಡೆಯುವ ನಮ್ಮ ಹರ್ಲಿಂಗ್ ಆಟದಲ್ಲಿ ಡಿನ್ನಿ ಕ್ವಿರ್ಕ್ ಬಾಲಿಕರ್ನ ತಂಡದ ಫುಲ್‌ಬ್ಯಾಕ್. ಅವನು ಗೋಲಿನ ಮುಂದೆ ನಿಂತರೆ ಕೊಟ್ಟಿಗೆಗೆ ಅಗುಳಿ ಹಾಕಿದ ಹಾಗೆ ಎನ್ನುತ್ತಿದ್ದರು. ತಲೆಗೆ ಏಟು ತಡೆಯುವ ಟೊಪ್ಪಿಗೆ ಹಾಕಿಕೊಂಡು ಆಡುವುದು ಆಗ ಯಾರಿಗೂ ಗೊತ್ತಿರಲಿಲ್ಲ. ಮೇಲಿನಿಂದ ಇಳಿಯುವ ಚೆಂಡಿಗೆ ಎರಡೂ ಕಡೆಯವರ ಕೋಲುಗಳು ಒಟ್ಟಿಗೆ ಏಳುತ್ತಿದ್ದವು. ಆ ಕೋಲುಗಳ ನಡುವೆ ಡಿನ್ನಿ ಬರಿಗೈ ಚಾಚಿ ಚೆಂಡನ್ನು ಕಿತ್ತುಕೊಂಡು, ಎದುರಿಗಿದ್ದವರನ್ನು ಭುಜದಿಂದ ತಳ್ಳಿಕೊಂಡು ಹೊರಗೆ ಬರುತ್ತಿದ್ದ. ಆಗ ಗಂಡಸರು ಟೋಪಿ ಎಸೆಯುತ್ತಿದ್ದರು, ಹೆಂಗಸರು ಶಿಲುಬೆಯ ಗುರುತು ಹಾಕಿಕೊಳ್ಳುತ್ತಿದ್ದರು. ಅವನ ಬಲಗಡೆಯ ಮೂಲೆಯ ಕಾವಲು ಕಾನ್ ಟ್ರೇಸಿಯದು. ಇಬ್ಬರೂ ಒಂದೇ ಬೆಂಚಿನಲ್ಲಿ ಓದಿದವರು, ಒಂದೇ ಮರದಿಂದ ಕೋಲು ಕಡಿಸಿಕೊಂಡವರು.

ಅವರು ಕೌಂಟಿಯ ಫೈನಲ್ ಮುಟ್ಟಿದ ವರ್ಷ, ಸೆಮಿಫೈನಲಿನಲ್ಲಿ ಡಿನ್ನಿಯ ಹುಬ್ಬಿನ ಮೇಲೆ ಕೋಲಿನ ಏಟು ಬಿತ್ತು. ರಕ್ತ ಒರೆಸಿಕೊಂಡು, ತಲೆಗೆ ಬಟ್ಟೆ ಸುತ್ತಿಸಿಕೊಂಡು ಮತ್ತೆ ಆಟಕ್ಕೆ ಇಳಿದ. ಆ ಬಟ್ಟೆಯ ಮಾತು ನಮ್ಮೂರಿನಲ್ಲಿ ಇವತ್ತಿಗೂ ಇದೆ. ಆಮೇಲಿನ ಆಟದಲ್ಲಿ ಕಾನ್ ತನ್ನ ಮೂಲೆ ಬಿಟ್ಟು ಬಂದು ಡಿನ್ನಿಗೆ ಬರುವ ಚೆಂಡುಗಳನ್ನೆಲ್ಲ ತಾನೇ ಹೊಡೆದ. ಅದನ್ನು ಜನ ತಡವಾಗಿ ನೆನಪಿಸಿಕೊಂಡರು. "ನೋಡಿದ್ರಾ, ಆಗ್ಲೇ ಅವನ ಕಣ್ಣು ಆ ಜಾಗದ ಮೇಲಿತ್ತು" ಎಂದರು.

ಆಗ ಆಟದ ಸಂಘಕ್ಕೆ ಒಂದು ಕಟ್ಟಳೆ ಇತ್ತು. ನಮ್ಮ ಆಟ ಆಡುವವನು ರಗ್ಬಿಯಂಥ ಇಂಗ್ಲಿಷರ ಆಟವನ್ನು ಆಡುವುದಿರಲಿ, ಬೇಲಿಗೆ ಒರಗಿ ನೋಡುವಂತೆಯೂ ಇರಲಿಲ್ಲ. ನೋಡಿದವರನ್ನು ಹಿಡಿಯುವುದಕ್ಕೆ ಸಂಘದ್ದೇ ಕಾವಲಿನವರು ಆ ಆಟಗಳಿಗೆ ಹೋಗುತ್ತಿದ್ದರು. ಅವರು ಮಾತ್ರ ಎಷ್ಟು ಬೇಕಾದರೂ ನೋಡಬಹುದಿತ್ತು. ಫೈನಲಿಗೆ ಒಂದು ವಾರ ಇದೆ ಎನ್ನುವಾಗ ಸುದ್ದಿ ಬಂತು: ಡಿನ್ನಿ ಕ್ವಿರ್ಕ್ ಲಿಮರಿಕ್ ಪಟ್ಟಣದಲ್ಲಿ ರಗ್ಬಿ ನೋಡುತ್ತಿದ್ದ, ಆರು ತಿಂಗಳು ಅವನು ಆಡುವಂತಿಲ್ಲ.

ಅಷ್ಟು ಟೋಪಿಗಳ ನಡುವೆ ಡಿನ್ನಿಯ ಟೋಪಿಯನ್ನೇ ಗುರುತು ಹಿಡಿಯಬೇಕಾದರೆ ಪಕ್ಕದಲ್ಲಿ ಬೆರಳು ತೋರಿಸುವವನೊಬ್ಬ ಇರಲೇಬೇಕು ಎಂದು ಊರು ತೀರ್ಮಾನಿಸಿತು. ಯಾರು ಎಂದು ಹುಡುಕಲು ಹೊತ್ತು ಹಿಡಿಯಲಿಲ್ಲ. ಆ ಶನಿವಾರ ಕಾನ್ ಕೂಡ ಲಿಮರಿಕ್ಕಿಗೆ ಹೋಗಿದ್ದ, ಹೊಸ ಬೂಟು ಕೊಂಡು ತಂದಿದ್ದ. ಆ ಬೂಟು ಸಾಕ್ಷಿಯಾಯಿತು. "ಯಾವನೋ ಚಾಡಿ ಹೇಳಿದಾನೆ" ಎಂದು ಹೆಂಡದಂಗಡಿಯಲ್ಲಿ ಮಾತು ಬಂದಾಗ ಕಾನ್ ಎಲ್ಲರಿಗಿಂತ ಮೊದಲು "ನಾನಂತೂ ಅಲ್ಲ" ಎಂದನಂತೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂದು ಜನ ನಕ್ಕರು. ಅದರ ಮೇಲೆ ಡಿನ್ನಿಯ ಜಾಗಕ್ಕೆ ಅವನನ್ನೇ ಹಾಕಿದರು, ಬೇರೆ ಯಾರೂ ಇರಲಿಲ್ಲ. ಫೈನಲಿನ ಕೊನೆಯಲ್ಲಿ ಮೇಲಿನಿಂದ ಬಂದ ಒಂದು ಚೆಂಡು ಅವನ ಬೆರಳು ತಾಗಿ ಗೋಲಿನೊಳಗೆ ಬಿತ್ತು. ಆ ಒಂದು ಗೋಲಿನಿಂದ ಬಾಲಿಕರ್ನ ಸೋತಿತು. ಬೇಕೆಂದೇ ಬಿಟ್ಟ ಎಂದವರೂ ಇದ್ದರು.

ಡಿನ್ನಿ ಮಾತ್ರ ಕಾನ್‌ನ ಹೆಸರು ಎತ್ತಲಿಲ್ಲ. ಯಾರಾದರೂ ಕೆದಕಿದರೆ "ಬಿಡ್ರೋ, ಆದದ್ದು ಆಗ್ಹೋಯ್ತು" ಎನ್ನುತ್ತಿದ್ದ. ಎಂಥ ದೊಡ್ಡ ಮನಸ್ಸು ಎಂದು ಊರು ಹೊಗಳಿತು. ಬಿಡಿ ಎಂದ ಮೇಲೆ ಬಿಡಬೇಕಾದದ್ದು ಏನೋ ಇದೆ ಎಂದಾಯಿತಲ್ಲ. ಕಾನ್‌ನ ಮೇಲಿನ ಅನುಮಾನ ಗಟ್ಟಿಯಾಯಿತು. ಆರು ತಿಂಗಳು ಕಳೆದ ಮೇಲೂ ಡಿನ್ನಿ ತಂಡಕ್ಕೆ ಮರಳಲಿಲ್ಲ. ಸ್ವಾಭಿಮಾನಿ, ಆ ಸಂಘದ ಮುಖ ನೋಡಲಾರ ಎಂದರು. ಅವನು ಮಕ್ಕಳಿಗೆ ಆಟ ಕಲಿಸಿಕೊಂಡು, ದನ ಮೇಯಿಸಿಕೊಂಡು, ಊರಿನ ಮರ್ಯಾದೆಯಲ್ಲಿ ಮುದುಕನಾದ. ಕಾನ್‌ನ ಹುಲ್ಲು ಕೊಯ್ಲಿಗೆ ಯಾರೂ ಕೈ ಕೊಡಲು ಹೋಗಲಿಲ್ಲ. ಚರ್ಚಿನಲ್ಲಿ ಅವನು ಕೂತ ಬೆಂಚು ಕೊನೆಯಲ್ಲಿ ತುಂಬುತ್ತಿತ್ತು. ಅವನಿಗೆ ಹೆಣ್ಣು ಕೊಡುವುದಾಗಿ ಮಾತಾಡಿದ್ದ ಪಕ್ಕದೂರಿನವರೂ ಹಿಂದೆ ಸರಿದರು.

*

ಹಿತ್ತಿಲ ಬಾಗಿಲಲ್ಲಿ ನಿಂತು ನೋನಿ ಕೈ ಸನ್ನೆ ಮಾಡಿದಳು. ಕಾನ್ ಹಿಂದೆ ಮುಂದೆ ನೋಡಿ, ಕಲ್ಲಿದ್ದಲು ರಾಶಿಯ ಪಕ್ಕದಿಂದ ಸುತ್ತಿಕೊಂಡು ಬಂದ.

"ಒಳಗೆ ಬಾ."

"ಬೂಟೆಲ್ಲ ಕೆಸರು ನೋನೀ."

"ಬೂಟಿನ ಮಾತು ಸಾಕು. ಬಾ."

ಅಡಿಗೆಮನೆಯಲ್ಲಿ ಮಗಳು ಬ್ರೀಜ್ ಬ್ರೆಡ್ಡಿಗೆ ಹ್ಯಾಮ್ ಇಡುತ್ತಿದ್ದಳು. ಕಾನ್‌ನನ್ನು ಕಂಡು ಚಾಕು ಕೆಳಗಿಟ್ಟಳು.

"ಅಮ್ಮಾ, ಇವರ್ಯಾಕೆ ಇಲ್ಲಿ? ಚಿಕ್ಕಪ್ಪ ನೋಡಿದ್ರೆ ರಂಪ ಆಗತ್ತೆ."

"ನೀನು ಆ ತಟ್ಟೆ ತಗೊಂಡು ಒಳಗೆ ಹೋಗು. ಬಾಗಿಲು ಹಾಕ್ಕೊಂಡು ಹೋಗು."

ಬಾಗಿಲು ಹಾಕಿಕೊ ಎಂದದ್ದು ಬ್ರೀಜ್‌ಗೆ ಹಿಡಿಸಲಿಲ್ಲ. ತಾಯಿಯನ್ನೂ ಕಾನ್‌ನನ್ನೂ ಒಮ್ಮೆ ದಿಟ್ಟಿಸಿ ಹೋದಳು. ಬಾಗಿಲು ಪೂರ್ತಿ ಹಾಕಲಿಲ್ಲ. ನೋನಿಯೇ ಎದ್ದು ಹಾಕಿದಳು.

ಚಹ ಬಗ್ಗಿಸಿ ಕೊಟ್ಟಳು. ಕಾನ್ ಬಟ್ಟಲನ್ನು ಎರಡು ಕೈಯಲ್ಲಿ ಹಿಡಿದುಕೊಂಡನೇ ಹೊರತು ಕುಡಿಯಲಿಲ್ಲ.

"ಗೇಟಿನವರೆಗೆ," ಅಂದ. "ಅಷ್ಟೇ ಕೇಳೋದು. ಅವನ ಬಲಗಡೆ ನಿಂತು ಆಡಿದವನು ನಾನು. ಗೇಟಿನವರೆಗೆ ಅವನನ್ನ ಹೊತ್ತು ಬಿಟ್ರೆ ನಾನು ಮನೆಗೆ ಹೋಗ್ತೀನಿ, ಚರ್ಚಿಗೂ ಬರಲ್ಲ."

ನೋನಿ ಮೇಜಿನ ಮೇಲಿನ ಬ್ರೆಡ್ಡಿನ ಚೂರುಗಳನ್ನು ಬೆರಳಿನಿಂದ ಒಟ್ಟು ಮಾಡಿದಳು. ಐವತ್ತು ವರ್ಷಕ್ಕೂ ಮಿಕ್ಕಿ ಅವಳು ಈ ಮನುಷ್ಯನ ಗೇಟಿನ ಮುಂದೆ ಮುಖ ತಿರುಗಿಸಿಕೊಂಡು ಹೋಗಿದ್ದಳು. ಉಳಿದವರು ಸಿಟ್ಟಿನಿಂದ ತಿರುಗಿಸುತ್ತಿದ್ದರು, ಇವಳದು ನಾಚಿಕೆ. ನೋಡುವವರಿಗೆ ಎರಡೂ ಒಂದೇ.

"ನಿನಗೊಂದು ಹೇಳ್ಬೇಕು ಕಾನ್."

*

ಡಿನ್ನಿಗೂ ನೋನಿಗೂ ಮದುವೆ ನಿಶ್ಚಯವಾಗಿ ಇನ್ನೂ ತಿಂಗಳಾಗಿರಲಿಲ್ಲ. ಉಂಗುರ ನೋಡೋಣ ಎಂದು ಡಿನ್ನಿ ಅವಳನ್ನು ಲಿಮರಿಕ್ಕಿಗೆ ಕರೆದುಕೊಂಡು ಹೋದ. ಹುಬ್ಬಿನ ಹೊಲಿಗೆ ಇನ್ನೂ ಬಿಚ್ಚಿರಲಿಲ್ಲ. ಉಂಗುರದಂಗಡಿಯ ಬೀದಿ ದಾಟಿ ಅವನು ರಗ್ಬಿ ಮೈದಾನದ ಕಡೆಗೆ ತಿರುಗಿದಾಗ ಅವಳು ಅವನ ತೋಳು ಹಿಡಿದು ಎಳೆದಳು.

"ತಲೆ ಕೆಟ್ಟಿದೆಯಾ? ಮುಂದಿನ ವಾರ ಫೈನಲು. ಯಾರಾದ್ರೂ ಕಂಡ್ರೆ?"

"ಕಾಣ್ಲಿ ಬಿಡು."

ಒಳಗೆ ಹೋದರು. ಹಿಂದೆ ಜನರ ನಡುವೆ ಸೇರಿಕೊಳ್ಳುವುದು ಬಿಟ್ಟು ಅವನು ಎಲ್ಲರಿಗಿಂತ ಮುಂದೆ, ಹಗ್ಗದ ಪಕ್ಕದಲ್ಲೇ ನಡೆದ. ಅಲ್ಲಿ ಕಂದು ಬಣ್ಣದ ನಿಲುವಂಗಿಯವನೊಬ್ಬ ಆಟಕ್ಕೆ ಬೆನ್ನು ಹಾಕಿ ಜನರ ಮುಖಗಳನ್ನು ನೋಡುತ್ತ ನಿಂತಿದ್ದ. ಅವನು ಯಾರು ಎಂದು ಸಣ್ಣ ಮಗುವಿಗೂ ಗೊತ್ತಾಗುವಂತಿತ್ತು. ಡಿನ್ನಿ ನೇರವಾಗಿ ಅವನ ಹತ್ತಿರ ಹೋದ, ಟೋಪಿ ತೆಗೆದ, ಜೇಬಿನಿಂದ ಒಂದು ಸಿಗರೇಟು ಹೊರಗೆ ತೆಗೆದ.

"ಬೆಂಕಿ ಇದೆಯಾ ಯಜಮಾನ್ರೇ?"

ಡಿನ್ನಿ ಸಿಗರೇಟು ಸೇದುವವನಲ್ಲ. ಆ ಒಂದನ್ನು ಬಸ್ಸು ಇಳಿದ ಕೂಡಲೇ ಬಿಡಿಯಾಗಿ ಕೊಂಡಿದ್ದ. ಆ ಮನುಷ್ಯ ಕಡ್ಡಿ ಗೀರಿ, ಹುಬ್ಬಿನ ಹೊಲಿಗೆಯನ್ನು ನೋಡಿ, "ಬಾಲಿಕರ್ನದ ಕ್ವಿರ್ಕ್ ಅಲ್ವಾ ನೀನು?" ಎಂದ.

"ಹೌದು," ಎಂದ ಡಿನ್ನಿ. ಹೊಗೆಗೆ ಕೆಮ್ಮು ಬಂತು.

ಯಾಕೆ ಹೀಗೆ ಮಾಡಿದೆ ಎಂದು ಹಿಂತಿರುಗುವ ಬಸ್ಸಿನಲ್ಲಿ ಅವಳು ಕೇಳಿದಳು. ಅವನು ಕಿಟಕಿಯ ಕಡೆ ತಿರುಗಿಕೊಂಡು ಹೇಳಿದ.

"ಚೆಂಡು ಮೇಲಿಂದ ಇಳೀವಾಗ ಕಣ್ಣು ಮುಚ್ಕೊಂಡ್ಬಿಡತ್ತೆ ನೋನೀ. ನಾನು ಮುಚ್ಚೋದಲ್ಲ. ಅದೇ ಮುಚ್ಕೊಳ್ಳತ್ತೆ. ಆ ಏಟು ಬಿದ್ದಾಗಿನಿಂದ ಹೀಗೇ."

"ಹಾಗಂತ ಹೇಳು ಅವರಿಗೆ. ಮನುಷ್ಯರಲ್ವಾ ಅವರೂ."

"ಬಾಲಿಕರ್ನದವರಿಗಾ? ಹೆದರಿದ ಅಂತಾರೆ. ನಾನು ಸತ್ತ ಮೇಲೂ ಅಂತಾರೆ. ಆಡಬೇಡ ಅಂತ ಸಂಘವೇ ಹೇಳಿದ್ರೆ ಯಾರೂ ಏನೂ ಅನ್ನಲ್ಲ." ಅವನು ಅವಳ ಕೈ ಹಿಡಿದುಕೊಂಡ. "ಯಾರಿಗೂ ಹೇಳಬೇಡ. ಆಣೆ ಇಡು."

ಅವಳು ಆಣೆ ಇಟ್ಟಳು. ಇದರಿಂದ ಇನ್ನೊಬ್ಬನಿಗೆ ಕೇಡಾಗುತ್ತದೆ ಎಂದು ಇಬ್ಬರಿಗೂ ಆಗ ಹೊಳೆಯಲಿಲ್ಲ. ಕಾನ್‌ನ ಹೆಸರು ಎದ್ದ ದಿನ ಅವಳು ಡಿನ್ನಿಯ ಬೆನ್ನು ಹತ್ತಿದಳು. ನಾಳೆ ಹೇಳ್ತೀನಿ ಎಂದ. ಫೈನಲ್ ಮುಗಿಯಲಿ ಎಂದ. ಫೈನಲ್ ಸೋತ ಮೇಲೆ ಹೇಳುವ ಬಾಯಿ ಅವನಿಗೂ ಉಳಿಯಲಿಲ್ಲ, ಅವಳಿಗೂ ಉಳಿಯಲಿಲ್ಲ.

*

ಕಾನ್ ಚಹ ಕೆಳಗಿಟ್ಟ.

"ಬೆಂಕಿ ಕೇಳಿದ್ದು ಗೊತ್ತಿರ್ಲಿಲ್ಲ," ಎಂದ. "ಕಣ್ಣಿನ ಮಾತು ಗೊತ್ತಿತ್ತು."

"ಗೊತ್ತಿತ್ತಾ?"

"ಪಕ್ಕದಲ್ಲೇ ಇದ್ನಲ್ಲ ನಾನು. ಬಟ್ಟೆ ಸುತ್ಕೊಂಡು ಬಂದ ಮೇಲೆ ಮೊದಲನೇ ಚೆಂಡಿಗೇ ನೋಡಿದೆ. ಕೈ ಮೇಲಿದೆ, ಕಣ್ಣು ಮುಚ್ಚಿದೆ, ಅಳೋ ಮಗು ಥರ ಮುಖ. ಬಿಡು ಡಿನ್ನೀ, ನಂದು ಅಂತ ಕೂಗ್ಕೊಂಡು ನಾನೇ ನುಗ್ಗಿದೆ. ಅವತ್ತು ಮುಗಿಯೋವರೆಗೂ ಹಾಗೇ ಮಾಡಿದೆ."

"ಮತ್ತೆ ಯಾಕೆ ಹೇಳ್ಲಿಲ್ಲ? ನಿನ್ನ ಅಷ್ಟು ಅಂದ್ರಲ್ಲ, ಯಾಕೆ ಬಾಯಿ ಬಿಡ್ಲಿಲ್ಲ?"

"ಏನಂತ ಬಿಡ್ಲಿ? ಚಾಡಿ ಹೇಳಿದವನು ಅಂತ ಬೈಸ್ಕೊಂಡು, ಇಲ್ಲ ಅಂತ ತೋರ್ಸೋಕೆ ನಿಜವಾಗ್ಲೂ ಒಂದು ಚಾಡಿ ಹೇಳ್ಲಾ?" ಅವನು ಸ್ವಲ್ಪ ನಕ್ಕ. "ಅವನೇ ಹೇಳ್ತಾನೆ ಅಂತ ಕಾದೆ. ಒಂದ್ಸಲ ಹಾಲಿನ ಡೈರೀಲಿ ಅಡ್ಡ ಹಾಕಿ ಕೇಳಿದೆ ಕೂಡ. ಊರಿಗೆ ಹೇಳೋದು ಬೇಡ ಕಣೋ, ನನಗೊಬ್ಬನಿಗೆ ಹೇಳು, ಕಾನ್ ನೀನಲ್ಲ ಅಂತ. ಕುದುರೆಗೆ ನೀರು ಕುಡಿಸ್ಬೇಕು ಅಂತ ಹೋದ."

ನೋನಿಗೆ ದುಃಖ ಒತ್ತಿಕೊಂಡು ಬಂತು. ಗಂಡ ಸತ್ತ ಮೂರು ದಿನಗಳಲ್ಲಿ ಅವಳು ಜನರೆದುರಿಗೆ ಅತ್ತಿರಲಿಲ್ಲ. ಈಗ ಈ ಮನುಷ್ಯನ ಎದುರಿಗೆ ಬಿಕ್ಕಿ ಬಿಕ್ಕಿ ಅತ್ತಳು. ಬಾಗಿಲ ಆಚೆ ಯಾರದೋ ಹೆಜ್ಜೆ ನಿಂತಂತೆ ಕೇಳಿಸಿತು.

"ನಾನು ಹೇಳ್ತೀನಿ," ಅಂದಳು ಕಣ್ಣೊರೆಸಿಕೊಂಡು. "ಈಗ್ಲೇ, ಎಲ್ಲರ ಎದುರಿಗೆ."

ಕಾನ್ ಏನೋ ಹೇಳಹೋದ. ಅವಳು ಅಷ್ಟರಲ್ಲಿ ಎದ್ದಾಗಿತ್ತು.

*

ಪೆಟ್ಟಿಗೆಯನ್ನು ಬಾಗಿಲ ಹೊರಗೆ ಎರಡು ಕುರ್ಚಿಗಳ ಮೇಲಿಟ್ಟಿದ್ದರು. ಮೇಲೆ ತಂಡದ ಹಸಿರು-ಬಿಳಿ ಅಂಗಿ ಹಾಸಿ, ಒಂದು ಕೋಲು ಇಟ್ಟಿದ್ದರು. ಫಾದರ್ ಗಡಿಯಾರ ನೋಡಿಕೊಳ್ಳುತ್ತಿದ್ದರು. ಗೇಟಿನಾಚೆ ರಸ್ತೆಯ ಎರಡು ಬದಿಗೂ ಡಿನ್ನಿ ಆಟ ಕಲಿಸಿದ ಮಕ್ಕಳು, ಆ ಮಕ್ಕಳ ಮಕ್ಕಳು, ಕೋಲು ಹಿಡಿದು ಸಾಲಾಗಿ ನಿಂತಿದ್ದರು.

ಕಾನ್ ನೋನಿಯ ಹಿಂದೆ ಅಡಿಗೆಮನೆಯಿಂದ ಬಂದದ್ದನ್ನು ಎಲ್ಲರೂ ನೋಡಿದರು. ನೆಡ್ ಪೆಟ್ಟಿಗೆಗೆ ಅಡ್ಡ ನಿಂತ.

"ಅತ್ತಿಗೇ, ಇವನನ್ನ ಒಳಗೆ ಕರ್ಕೊಂಡಿದ್ದು ನಿಮ್ಮ ಒಳ್ಳೆತನ. ಅಷ್ಟಕ್ಕೆ ಸಾಕು."

"ಕಾನ್ ಮುಂದೆ ಬಲಗಡೆ ಹೊರ್ತಾನೆ ನೆಡ್."

"ನಾನಿರೋವರೆಗೂ ಇಲ್ಲ. ಅಣ್ಣ ಆ ಫೈನಲ್ ಆಡಿದ್ದಿದ್ರೆ ನಾವು ಗೆಲ್ತಿದ್ವಿ. ಅದನ್ನ ತಪ್ಪಿಸಿದವನು ಇವನು."

"ನೀವೆಲ್ಲ ಅಂದ್ಕೊಂಡ ಹಾಗಲ್ಲ ಅದು." ಅವಳ ದನಿ ಗಟ್ಟಿಯಾಗಿತ್ತು, ಗೇಟಿನವರೆಗೂ ಕೇಳಿಸಿತು. "ಸಂಘದವರಿಗೆ ಹೇಳಿದ್ದು ಯಾರು ಅಂತ ನನಗೆ ಗೊತ್ತು. ಅವತ್ತು ನಾನೂ ಅಲ್ಲೇ ಇದ್ದೆ. ಅವತ್ತು ಡಿನ್ನಿ..."

"ನಾನೇ ಹೇಳಿದ್ದು," ಎಂದ ಕಾನ್.

ಅವನು ಅವಳನ್ನು ನೋಡುತ್ತಿರಲಿಲ್ಲ. ಗೇಟಿನಾಚೆ ಬಟ್ಟೆ ಸುತ್ತಿದ ತಲೆಯ ಕತೆ ಕೇಳಿ ಬೆಳೆದ ಮಕ್ಕಳು ಬಾಯಿ ತೆರೆದುಕೊಂಡು ನಿಂತಿದ್ದವು. ಅವುಗಳನ್ನು ನೋಡುತ್ತಿದ್ದ.

"ಲಿಮರಿಕ್ಕಿನಲ್ಲಿ ಅವನನ್ನ ಕಂಡೆ, ಸಂಘದವನಿಗೆ ಹೇಳಿದೆ. ಅವನ ಜಾಗ ಬೇಕಿತ್ತು ನನಗೆ. ನೋನಿಗೆ ಅದು ಗೊತ್ತಿತ್ತು. ಇನ್ನು ಹೊತ್ತು ಮಾಡ್ಬೇಡಿ, ಫಾದರ್ ಕಾಯ್ತಿದಾರೆ."

"ಕೇಳಿದ್ರಾ," ಎಂದ ನೆಡ್. ಇಷ್ಟು ವರ್ಷ ಕಾದ ಮಾತು ಕಿವಿಗೆ ಬಿದ್ದಾಗ ಅವನಿಗೆ ಖುಷಿಯಾಗಬೇಕಿತ್ತು. ಅವನು ಪೆಟ್ಟಿಗೆಯ ಮೇಲಿನ ಅಂಗಿಯ ಸುಕ್ಕು ಸರಿಮಾಡತೊಡಗಿದ. ಯಾರೂ ಕಾನ್‌ನನ್ನು ಬೈಯಲಿಲ್ಲ, ಹೊಡೆಯಲಿಲ್ಲ. ಸುತ್ತ ನಿಂತವರು ಎರಡು ಹೆಜ್ಜೆ ಹಿಂದೆ ಸರಿದರು ಅಷ್ಟೆ. ನೋನಿ ಬಾಯಿ ತೆರೆದಳು. ಕಾನ್ ಅವಳ ಕಡೆ ತಿರುಗಿ ಬೇಡ ಎನ್ನುವಂತೆ ತಲೆಯಾಡಿಸಿದ.

ಮಾಸ್ಸಿ ಒಬ್ಬ ಗಿಡ್ಡನನ್ನು ಕರೆದು ಅವನ ಹೆಗಲ ಮೇಲೆ ಮಡಿಸಿದ ಟವೆಲ್ ಇಟ್ಟ. ಪೆಟ್ಟಿಗೆ ಎದ್ದಿತು. ಟವೆಲ್ ಸಾಲದೆ ಮುಂದಿನ ಬಲಬದಿ ತಗ್ಗಿತ್ತು. ಗೇಟಿನವರೆಗೂ ಡಿನ್ನಿ ಹಾಗೇ ಓರೆಯಾಗಿ ಹೋದ. ಹಿಂದೆ ನೋನಿ, ಬ್ರೀಜ್, ನೆಡ್. ಅವರ ಹಿಂದೆ ಊರು. ಎಲ್ಲರೂ ಹೊರಟ ಮೇಲೆ, ಒಂದಷ್ಟು ದೂರ ಬಿಟ್ಟು, ಕಾನ್.

ಮಕ್ಕಳು ಎರಡೂ ಬದಿಯಿಂದ ಕೋಲುಗಳನ್ನು ಎತ್ತಿ ತುದಿಗೆ ತುದಿ ಸೇರಿಸಿದರು. ಪೆಟ್ಟಿಗೆ ಅದರ ಕೆಳಗೆ ಹೋಯಿತು. ಮೊದಲನೆಯ ಕೋಲಿನ ಹತ್ತಿರ ಬಂದಾಗ ನೋನಿ ಮಗಳ ಕೈ ಬಿಡಿಸಿಕೊಂಡು ರಸ್ತೆಯ ಬದಿಗೆ ಸರಿದು ನಿಂತಳು.

"ಏನಾಯ್ತಮ್ಮ? ಸುಸ್ತಾಯ್ತಾ?"

"ನೀನು ಅಪ್ಪನ ಜೊತೆ ನಡಿ. ನಾನು ಬರ್ತೀನಿ."

ಜನ ಅವಳನ್ನು ದಾಟಿ ಹೋದರು. ಕೈ ಮುಟ್ಟಿದವರು, ತಲೆ ಬಾಗಿಸಿದವರು, ತಿರುಗಿ ತಿರುಗಿ ನೋಡಿದವರು. ಎಲ್ಲರೂ ಹೋದ ಮೇಲೆ ಕಾನ್ ಬಂದ. ಅವಳನ್ನು ಕಂಡು ನಿಂತ. ಅವಳು ಅವನ ತೋಳಿನೊಳಗೆ ತನ್ನ ಕೈ ತೂರಿಸಿದಳು.

"ಬೇಡ ನೋನೀ. ಜನ ನೋಡ್ತಿದಾರೆ."

"ಅವರ ಕೆಲಸವೇ ಅದು."

ಮುಂದೆ ಸಾಲಿನಲ್ಲಿ ಒಬ್ಬಳು ಇನ್ನೊಬ್ಬಳ ಕಿವಿಗೆ ಬಾಗಿದಳು. "ಓ, ಹಾಗೋ ವಿಷಯ. ಆಟದ ಜಾಗಕ್ಕಲ್ಲ ಹಾಗಾದ್ರೆ ಅವನು ಹೇಳಿದ್ದು." "ಅಡಿಗೆಮನೆ ಬಾಗಿಲು ಹಾಕ್ಕೊಂಡಿದ್ರಂತೆ." "ಪಾಪ ಡಿನ್ನಿ, ಜನ್ಮವೆಲ್ಲ ಬಾಯಿ ಬಿಡ್ಲಿಲ್ಲ ನೋಡು." ಮಾತು ಒಂದು ಕಿವಿಯಿಂದ ಇನ್ನೊಂದಕ್ಕೆ ದಾಟುತ್ತ ನೆಡ್‌ವರೆಗೂ ಹೋಯಿತು. ಅವನು ತಿರುಗಿ ನೋಡಿದ. ಬ್ರೀಜ್ ತಿರುಗಿ ನೋಡಿದಳು. ನೋನಿಗೆ ಅಷ್ಟೂ ಕೇಳಿಸಿತು. ಅವಳು ಕೈ ತೆಗೆಯಲಿಲ್ಲ.

ಪೆಟ್ಟಿಗೆ ಆಗಲೇ ಚರ್ಚಿನ ತಿರುವಿಗೆ ಹೋಗಿತ್ತು. ಕೈ ಸೋತ ಮಕ್ಕಳು ಕೋಲು ಇಳಿಸತೊಡಗಿದವು. ಸಾಲಿನ ಹಿಂದೆ ನಿಂತಿದ್ದ ತರಬೇತಿಯವನು ಪಿಸುದನಿಯಲ್ಲಿ ಗದರಿದ.

"ಇಳಿಸ್ಬೇಡ್ರೋ. ಮನೆಯವರು ಇನ್ನೂ ದಾಟಿಲ್ಲ."

ಕೋಲುಗಳು ಒಂದೊಂದಾಗಿ ಮತ್ತೆ ಮೇಲೆದ್ದವು, ಅವುಗಳ ಕೆಳಗೆ ಇಬ್ಬರು ಮುದುಕರು ಆತುರವಿಲ್ಲದೆ ನಡೆದರು.